ಸಮನ್ಸ್ ಖರ್ಚು ಯಾರ ತಲೆಗೆ?



ಸಮನ್ಸ್ ಮುಟ್ಟಿಸುವ ಕೋರ್ಟಿನ ಅಮೀನರನ್ನು ಬಿಟ್ಟು ಅಂಚೆ, ಕೊರಿಯರ್, ಇ-ಮೇಲ್ ಮೂಲಕವೇ ಸಮನ್ಸ್ ಜಾರಿ ಮಾಡಿದರೆ ಸಣ್ಣ ದಾವೆಗಳು ಬೇಗ ಮುಗಿಯುತ್ತವೆ ಎನ್ನುವವರಿದ್ದಾರೆ. ಮುಗಿದರೆ ಸಂತೋಷವೇ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಆ ಖರ್ಚು ವಾದಿಯದು.

2025ರ ಸೆಪ್ಟೆಂಬರ್ 1ರಂದು ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಅಕ್ಟೋಬರ್ 1ರಿಂದ ಪರಸ್ಥಳದ 50 ಗ್ರಾಂವರೆಗಿನ ಲಕೋಟೆಗೆ 47 ರೂ., ನೋಂದಣಿಗೆ 5 ರೂ., ಮೇಲೆ ಜಿಎಸ್‌ಟಿ. ದಾವಾ ಪ್ರತಿ, ದಾಖಲೆಗಳ ಜೆರಾಕ್ಸ್ ಸೇರಿಸಿದರೆ 50 ಗ್ರಾಂ ಎಲ್ಲಿ ನಿಲ್ಲುತ್ತದೆ? ಲಕ್ಷಗಳ ವ್ಯಾಜ್ಯಕ್ಕೆ ಇದು ಲೆಕ್ಕಕ್ಕಿಲ್ಲ, ನಿಜ.

ನನ್ನ ಹಾರ್ಡ್‌ವೇರ್ ಅಂಗಡಿಗೆ ಒಬ್ಬನಿಂದ ಬರಬೇಕಿದ್ದದ್ದು 14,000 ರೂ.; ಅದಕ್ಕಾಗಿ ದಾವೆ ಹೂಡಿದೆ. ಅಂಚೆಯಲ್ಲಿ ಹೋದ ಸಮನ್ಸ್ 'ಬಾಗಿಲು ಹಾಕಿದೆ' ಎಂಬ ಷರಾ ಹೊತ್ತು ಎರಡು ಸಲ ವಾಪಸ್ ಬಂತು. ಪ್ರತಿ ಸಲವೂ ಹೊಸ ಪ್ರೊಸೆಸ್ ಫೀ, ಹೊಸ ಜೆರಾಕ್ಸ್, ಒಂದು ದಿನ ಅಂಗಡಿ ಬಂದ್. ಮೂರನೇ ಸಲ ಅಮೀನರು ಹೋದರು. ಪಕ್ಕದ ಟೀ ಅಂಗಡಿಯಲ್ಲಿ ವಿಚಾರಿಸಿ, ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಆಸಾಮಿಯ ಸಹಿ ಹಾಕಿಸಿಕೊಂಡೇ ಬಂದರು. (ಅವರ ಬಸ್ ಚಾರ್ಜು, ಕಾಫಿ ನನ್ನ ಲೆಕ್ಕದಲ್ಲೇ; ಅದು ಬೇರೆ ಮಾತು.)

ವಾಟ್ಸ್‌ಆ್ಯಪ್ ಸಮನ್ಸಿಗೆ ಕೋವಿಡ್ ಕಾಲದಲ್ಲಿ, 2020ರಲ್ಲಿ, ಸುಪ್ರೀಂ ಕೋರ್ಟ್ ಒಪ್ಪಿತ್ತು. ಕಳಿಸಲು ಕಾಸಿಲ್ಲ, ಸರಿ. ಆ ನಂಬರ್ ಪ್ರತಿವಾದಿಯದೇ ಎಂದು ಸಾಬೀತು ಮಾಡಲು ಮತ್ತೆ ಅಫಿಡವಿಟ್, ವಕೀಲರ ಫೀಸು.

ಜಾರಿಯ ವಿಧಾನ ಬದಲಿಸುವುದಾದರೆ, ಸಣ್ಣ ಮೊತ್ತದ ದಾವೆಗಳಲ್ಲಿ ವಾಪಸಾದ ಸಮನ್ಸಿಗೆ ಎರಡನೇ ಸಲದ ಶುಲ್ಕವನ್ನಾದರೂ ಮನ್ನಾ ಮಾಡಲಿ. ಅಮೀನರ ಖಾಲಿ ಹುದ್ದೆಗಳನ್ನೂ ತುಂಬಲಿ.

– ಒಬ್ಬ ವ್ಯಾಪಾರಿ, ತಿಪಟೂರು