ನೀರಿನವರೆಗಿನ ದಾರಿ

ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ಬಂದದ್ದು ಈಜಿನಲ್ಲಿ. 1972ರಲ್ಲಿ ಪಶ್ಚಿಮ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮುರಳಿಕಾಂತ್ ಪೇಟ್ಕರ್ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡುಗಳಲ್ಲಿ ಮುಗಿಸಿದರು. ಅದು ವಿಶ್ವದಾಖಲೆಯೂ ಆಗಿತ್ತು. ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ವೈಯಕ್ತಿಕ ಚಿನ್ನ ಗೆಲ್ಲಲು ಇನ್ನೂ 36 ವರ್ಷ ಬಾಕಿಯಿತ್ತು. ಆಮೇಲೆ ಏನಾಯಿತು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಹೈಡೆಲ್‌ಬರ್ಗ್‌ನ ನಂತರ ಪ್ಯಾರಾಲಿಂಪಿಕ್ಸ್ ಈಜುಕೊಳದಿಂದ ನಮಗೆ ಒಂದು ಪದಕವೂ ಬಂದಿಲ್ಲ. 2024ರ ಪ್ಯಾರಿಸ್ ಕೂಟದಲ್ಲಿ ಭಾರತ 29 ಪದಕ ಗೆದ್ದು ದಾಖಲೆ ಬರೆಯಿತು. ಓಟ, ಎಸೆತ, ಬ್ಯಾಡ್ಮಿಂಟನ್, ಬಿಲ್ಲುಗಾರಿಕೆ, ಶೂಟಿಂಗ್‌ನಲ್ಲಿ ಪದಕ ಬಂತು, ಜೂಡೋದಲ್ಲೂ ಬಂತು. ಈಜಿಗೆ ಮಾತ್ರ ನಮ್ಮಿಂದ ಹೋದದ್ದೇ ಒಬ್ಬರು.

ಪೇಟ್ಕರ್ ಬದುಕನ್ನು ನಾವು ಛಲದ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ. ಸಾಂಗ್ಲಿ ಜಿಲ್ಲೆಯ ಹುಡುಗ, ಸೇನೆಯ ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್) ವಿಭಾಗದ ಯೋಧ, ಒಳ್ಳೆಯ ಬಾಕ್ಸರ್. 1965ರ ಯುದ್ಧದಲ್ಲಿ ಮೈತುಂಬ ಗುಂಡೇಟು, ಅದರಲ್ಲಿ ಒಂದು ಬೆನ್ನುಹುರಿಯ ಬಳಿಯೇ ಉಳಿಯಿತು. ಮತ್ತೆ ರಿಂಗ್‌ಗೆ ಇಳಿಯುವ ಮಾತೇ ಇರಲಿಲ್ಲ. 2024ರಲ್ಲಿ ಬಂದ ‘ಚಂದು ಚಾಂಪಿಯನ್’ ಸಿನಿಮಾ ಈ ಕಥೆಯನ್ನು ಮನೆಮನೆಗೆ ತಲುಪಿಸಿತು. ಅವರ ಛಲ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಥೆಯಲ್ಲಿ ನಾವು ಬೇಗ ದಾಟಿಬಿಡುವ ಒಂದು ಭಾಗವಿದೆ. ಮುಂಬೈನ ನೌಕಾಪಡೆಯ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಅವರಿಗೆ ಈಜು ಸಿಕ್ಕಿದ್ದು ಚಿಕಿತ್ಸೆಯ ಅಂಗವಾಗಿ. ಹತ್ತಿರದಲ್ಲೇ ನೀರಿತ್ತು, ನೀರಿಗೆ ಇಳಿಸುವ ಕೈಗಳಿದ್ದವು, ‘ಇಳಿ’ ಎಂದು ಹೇಳುವವರಿದ್ದರು. ಕಾಲು ಸ್ವಾಧೀನದಲ್ಲಿಲ್ಲದ ಸೈನಿಕ ಕೊಳದ ಹತ್ತಿರ ಬಂದರೆ ಹೆದರಿ ಹಿಂದಕ್ಕೆ ಕಳಿಸುವವರು ಅಲ್ಲಿರಲಿಲ್ಲ. ಮನಸ್ಸಿದ್ದರೆ ಮಾರ್ಗ ಎನ್ನುತ್ತೇವೆ. ಈ ಮನುಷ್ಯನ ವಿಷಯದಲ್ಲಿ ಮಾರ್ಗವನ್ನು ಸೇನೆ ಮೊದಲೇ ಹಾಕಿಟ್ಟಿತ್ತು.

ಬೆಂಗಳೂರಿನ ಇಬ್ಬರು ಈಜುಗಾರರ ವೃತ್ತಾಂತವೂ ಇದನ್ನೇ ಹೇಳುತ್ತದೆ. ಎಡಗೈ ಪೂರ್ತಿ ಬೆಳೆಯದೆ ಹುಟ್ಟಿದ ಶರತ್ ಗಾಯಕವಾಡ್ ನೀರಿಗಿಳಿದದ್ದು ಅವರ ಶಾಲೆಯಲ್ಲಿ ಈಜು ಕಡ್ಡಾಯವಾಗಿದ್ದರಿಂದ. ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. 2014ರಲ್ಲಿ ಇಂಚಿಯಾನ್‌ನ ಪ್ಯಾರಾ ಏಷ್ಯನ್ ಕ್ರೀಡಾಕೂಟದಿಂದ ಆರು ಪದಕ ತಂದರು, ಮರುವರ್ಷ ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿತು. ನಿರಂಜನ್ ಮುಕುಂದನ್‌ಗೆ ಹುಟ್ಟುವಾಗಲೇ ಬೆನ್ನುಹುರಿಯ ತೊಂದರೆಯಿತ್ತು. ಹಲವು ಶಸ್ತ್ರಚಿಕಿತ್ಸೆ ಕಂಡ ಆ ಹುಡುಗನಿಗೆ ನೀರಿನ ವ್ಯಾಯಾಮ ಹಿಡಿಸಿದ್ದು ವೈದ್ಯರ ಸಲಹೆ. ಟೋಕಿಯೊದಲ್ಲಿ ಅವರು 50 ಮೀಟರ್ ಬಟರ್‌ಫ್ಲೈ ಫೈನಲ್ ತಲುಪಿದರು. ಒಬ್ಬರಿಗೆ ಶಾಲೆಯ ನಿಯಮ, ಇನ್ನೊಬ್ಬರಿಗೆ ವೈದ್ಯರ ಮಾತು ಬಾಗಿಲು ತೆರೆಯಿತು. ಆ ಶಾಲೆ, ಆ ವೈದ್ಯರು ಸಿಗದ ಮಕ್ಕಳ ಲೆಕ್ಕ ಯಾರ ಬಳಿಯೂ ಇಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ.

ಇವರೂ ಇಳಿಯುವಂತೆ ಸಾರ್ವಜನಿಕ ಕೊಳಗಳನ್ನು ಸಜ್ಜುಗೊಳಿಸಿ ಎಂದರೆ ಖರ್ಚಿನ ಆಕ್ಷೇಪ ಮೊದಲು ಬರುತ್ತದೆ: ನಾಲ್ಕು ಜನರಿಗಾಗಿ ಕೊಳವನ್ನೇ ಬದಲಿಸಬೇಕೇ? ಇಲ್ಲಿ ಪ್ಯಾರಾ ಈಜಿನ ನಿಯಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ಪರ್ಧೆಯಲ್ಲಿ ಕೃತಕ ಕಾಲು, ಕೃತಕ ಕೈ ಏನೂ ಕೂಡದು, ಎಲ್ಲವನ್ನೂ ದಡದಲ್ಲಿ ಬಿಚ್ಚಿಟ್ಟೇ ಇಳಿಯಬೇಕು. ಎರಡೂ ಕೈ ಇಲ್ಲದವರು ಬ್ಯಾಕ್‌ಸ್ಟ್ರೋಕ್ ಶುರುಮಾಡುವಾಗ ದಡದಲ್ಲಿ ನಿಂತವರು ಇಳಿಬಿಟ್ಟ ಟವೆಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಸದ್ದು ಕೇಳುತ್ತಲೇ ಬಿಟ್ಟು ಹಾರುತ್ತಾರೆ. ಕಣ್ಣು ಕಾಣದವರಿಗೆ ಗೋಡೆ ಹತ್ತಿರವಾದಾಗ ತುದಿಗೆ ಮೆತ್ತನೆಯ ಉಂಡೆ ಕಟ್ಟಿದ ಕೋಲಿನಿಂದ ತಲೆಯ ಮೇಲೆ ತಟ್ಟುತ್ತಾರೆ, ತಿರುಗು ಎಂದು. ಒಂದು ಟವೆಲು, ಒಂದು ಕೋಲು. ರೇಸಿಂಗ್ ವೀಲ್‌ಚೇರ್, ಕಾರ್ಬನ್ ಬ್ಲೇಡುಗಳ ಬೆಲೆಯ ಮುಂದೆ ಇದು ಏನೇನೂ ಅಲ್ಲ. ಖರ್ಚು ಇರುವುದು ಗೇಟಿನಿಂದ ನೀರಿನವರೆಗೆ: ಇಳಿಜಾರು, ಕೈಹಿಡಿ, ಗಾಲಿಕುರ್ಚಿ ಹಿಡಿಸುವಷ್ಟು ಅಗಲದ ಶೌಚಾಲಯದ ಬಾಗಿಲು, ಕೂತವರನ್ನು ಎತ್ತಿ ನೀರಿಗಿಳಿಸುವ ಒಂದು ಲಿಫ್ಟ್. ಮಂಡಿನೋವಿನ ಅಜ್ಜಿಗೂ ಅಪಘಾತದಿಂದ ಚೇತರಿಸಿಕೊಳ್ಳುತ್ತಿರುವ ಲಾರಿ ಚಾಲಕನಿಗೂ ಅದೇ ಇಳಿಜಾರು, ಅದೇ ಕೈಹಿಡಿ ಬೇಕು. ಆಗ ನಾಲ್ಕು ಜನ ಎಂಬ ಲೆಕ್ಕವೇ ತಪ್ಪಾಗುತ್ತದೆ.

ಎರಡನೆಯ ಆಕ್ಷೇಪ ಸುರಕ್ಷತೆಯದು. ಏನಾದರೂ ಆದರೆ ಯಾರು ಹೊಣೆ ಎಂದು ಕೊಳ ನಡೆಸುವವರು ಹಿಂಜರಿಯುತ್ತಾರೆ. ಆ ಭಯ ಸುಳ್ಳಲ್ಲ, ನೀರು ಯಾರನ್ನೂ ಕ್ಷಮಿಸುವುದಿಲ್ಲ. ಆದರೆ ಇದಕ್ಕೆ ಉತ್ತರ ಜೀವರಕ್ಷಕರಿಗೆ ತರಬೇತಿ. ಬಾಗಿಲು ಹಾಕುವುದು ಉತ್ತರವಾಗದು, ಕಾನೂನು ಅದನ್ನು ಒಪ್ಪುವುದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್, ಕ್ರೀಡಾ ಸೌಕರ್ಯಗಳನ್ನು ಅಂಗವಿಕಲರಿಗೆ ಹೊಂದುವಂತೆ ಮರುವಿನ್ಯಾಸ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ಪದಕ ಬರುವ ಕಡೆ ಹಣ ಹಾಕೋಣ, ಜಾವೆಲಿನ್‌ನಲ್ಲಿ ಗೆಲ್ಲುತ್ತಿದ್ದೇವಲ್ಲ ಎನ್ನುವವರೂ ಇದ್ದಾರೆ. ಗೆದ್ದವರಿಗೆ ಸಿಗುವ ನಗದು ಬಹುಮಾನ ನ್ಯಾಯವಾದದ್ದೇ. ಆದರೆ ಅದು ಗೆದ್ದ ಮೇಲೆ ಬರುವ ಹಣ. ಪೇಟ್ಕರ್‌ಗೆ ಗೌರವವೂ ತಡವಾಗಿ ಬಂತು. 1982ರಲ್ಲಿ ಅವರು ಅರ್ಜುನ ಪ್ರಶಸ್ತಿಗೆ ಸಲ್ಲಿಸಿದ ಮನವಿ ತಿರಸ್ಕೃತವಾಯಿತು. 2018ರಲ್ಲಿ ಪದ್ಮಶ್ರೀ ಬಂತು, ಜೀವಮಾನದ ಸಾಧನೆಗಾಗಿ ಅರ್ಜುನ ಕೈಸೇರಿದ್ದು 2025ರ ಜನವರಿಯಲ್ಲಿ, 80 ದಾಟಿದ ಮೇಲೆ. ಈಜುಗಾರನಿಗೆ ಹಣ ಬೇಕಾಗುವುದು ಗೆಲ್ಲುವುದಕ್ಕೂ ಹತ್ತು ವರ್ಷ ಮೊದಲು, ಯಾರಿಗೂ ಹೆಸರು ಗೊತ್ತಿಲ್ಲದ ದಿನಗಳಲ್ಲಿ. ಬ್ರೆಜಿಲನ್ನು ನೋಡಿ. 2001ರಿಂದ ಅಲ್ಲಿ ಲಾಟರಿ ಆದಾಯದ ಒಂದು ಪಾಲು ಕಾನೂನಿನ ಮೂಲಕವೇ ಪ್ಯಾರಾಲಿಂಪಿಕ್ ಸಮಿತಿಗೆ ಹೋಗುತ್ತದೆ. ಸಾವೊ ಪಾಲೊದಲ್ಲಿ ಅವರಿಗಾಗಿಯೇ ತರಬೇತಿ ಕೇಂದ್ರವಿದೆ. 2004ರ ಅಥೆನ್ಸ್ ಕೂಟವನ್ನು ಟಿವಿಯಲ್ಲಿ ನೋಡಿ ಈಜಿಗೆ ಬಂದ ಡೇನಿಯಲ್ ಡಯಾಸ್ 27 ಪ್ಯಾರಾಲಿಂಪಿಕ್ ಪದಕ ಗೆದ್ದು ನಿವೃತ್ತರಾದರು. ಆ ಹುಡುಗ ಟಿವಿ ಆರಿಸಿ ಎದ್ದಾಗ ಹೋಗಲು ಒಂದು ಕೊಳವಿತ್ತು ಎಂಬುದನ್ನು ಮರೆಯಬಾರದು.

ಪದಕದ ಮಾತು ಬಿಟ್ಟರೂ ನನ್ನ ವಾದ ನಿಲ್ಲುತ್ತದೆ. ನೀರು ಮೈಭಾರವನ್ನು ತಾನು ಹೊರುತ್ತದೆ. ನೆಲದ ಮೇಲೆ ಒಂದು ಹೆಜ್ಜೆಯಿಡಲಾಗದ ಮಗು ಅಲ್ಲಿ ತಾನಾಗಿಯೇ ಕೈಕಾಲು ಆಡಿಸಬಲ್ಲದು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ಈಜುಕೊಳಗಳಿವೆ, ಹೊಸವು ಬರುತ್ತಲೂ ಇವೆ. ಮುಂದಿನ ಟೆಂಡರ್‌ನಲ್ಲಿ ಇಳಿಜಾರು, ಕೈಹಿಡಿ ಮತ್ತು ಲಿಫ್ಟ್ ನಕ್ಷೆಯ ಭಾಗವಾಗಿಯೇ ಬರಲಿ, ಅವಿಲ್ಲದ ಕಾಮಗಾರಿಗೆ ಬಿಲ್ ಪಾಸಾಗದಿರಲಿ. ಜಿಲ್ಲಾಸ್ಪತ್ರೆಯ ಫಿಸಿಯೊಥೆರಪಿ ವಿಭಾಗಕ್ಕೆ ವಾರದಲ್ಲಿ ಮೂರು ಬೆಳಗು ಎರಡು ಲೇನ್ ಬಿಟ್ಟುಕೊಡಲಿ. ಈ ಆದೇಶ ಹೊರಡಿಸಲು ಹೊಸ ಕಾನೂನು ಬೇಕಿಲ್ಲ, ಕ್ರೀಡಾ ಇಲಾಖೆ ಮತ್ತು ಆರೋಗ್ಯ ಇಲಾಖೆ ಒಂದು ಮಧ್ಯಾಹ್ನ ಕೂತು ಮಾತಾಡಿದರೆ ಸಾಕು.