ಗೂಢಚಾರರ ಲೆಕ್ಕಿಗ

ಪತ್ತೇದಾರಿ ಕಾದಂಬರಿಯ ಗೂಢಚಾರನಿಗೆ ಹಣದ ಅಡಚಣೆ ಬರುವುದು ಅಪೂರ್ವ. ವಿಮಾನದ ಟಿಕೆಟ್ಟು ಜೇಬಿನಲ್ಲಿ ಸಿದ್ಧವಾಗಿರುತ್ತದೆ; ಹೋಟೆಲಿನ ಬಿಲ್ಲನ್ನು ತೆತ್ತವರು ಯಾರೆಂದು ಲೇಖಕನೂ ಹೇಳುವುದಿಲ್ಲ, ವಾಚಕನೂ ಕೇಳುವುದಿಲ್ಲ. ನಿಜವಾದ ಗುಪ್ತಚರ ಸಂಸ್ಥೆಯಲ್ಲಾದರೋ ಆ ಬಿಲ್ಲು ಯಾವುದಾದರೊಂದು ಮೇಜಿನ ಮೇಲೆ ಬಂದು ಬೀಳಲೇಬೇಕು. ಅದರ ಹಿಂದೆ ಕುಳಿತಿರುವವನು ಆಯವ್ಯಯದ ಅಧಿಕಾರಿ. ಪಿಸ್ತೂಲು ಹಿಡಿಯದ, ವೇಷ ಮರೆಸದ ಈ ಗುಮಾಸ್ತೆ ಯಾವ ಧಾರಾವಾಹಿಗೆ ನಾಯಕನಾದಾನು?

ಆದರೆ ಆತನ ಸಮಸ್ಯೆ ಬಹು ಪುರಾತನವಾದುದು. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಚಾರರ ಸಂಬಳದ ಪಟ್ಟಿಯೇ ಉಂಟು. ವರ್ತಕನ, ಗೃಹಸ್ಥನ, ತಾಪಸನ ವೇಷ ತಳೆದವರಿಗೆ ೧೦೦೦ ಪಣ. ವಿಷವಿಕ್ಕುವವನಿಗೂ ಭಿಕ್ಷುಕಿಗೂ ೫೦೦. ಚಾರರ ನಡುವೆ ಓಡಾಡಿ ಸುದ್ದಿ ಮುಟ್ಟಿಸುವವರಿಗೆ ೨೫೦. ಅದೇ ಗ್ರಂಥದಲ್ಲಿ ಅಧಿಕಾರಿಗಳು ರಾಜನ ಹಣವನ್ನು ನುಂಗುವ ನಲವತ್ತು ಉಪಾಯಗಳನ್ನೂ ಎಣಿಸಿದೆ. ಗುಟ್ಟಿಗೆ ಹಣ ಕೊಡಬೇಕು, ಕೊಟ್ಟ ಹಣಕ್ಕೆ ಕಾವಲೂ ಇರಬೇಕು ಎಂಬ ಎರಡು ಚಿಂತೆಗಳೂ ಆ ಆಚಾರ್ಯನನ್ನು ಒಟ್ಟಿಗೇ ಕಾಡಿದ್ದವು.

ಇಂದಿನ ಪ್ರಜಾರಾಜ್ಯದಲ್ಲಿ ತೊಡಕು ಮತ್ತಷ್ಟು ಬಿಗಿಯಾಗಿದೆ. ಏಕೆಂದರೆ ಹಣ ರಾಜನದಲ್ಲ, ಪ್ರಜೆಗಳದು. ಅಮೆರಿಕದ ಉದಾಹರಣೆಯನ್ನು ನೋಡಬಹುದು. ಕಾನೂನಿನ ಮಂಜೂರಾತಿಯಿಲ್ಲದೆ ಖಜಾನೆಯಿಂದ ಕಾಸೂ ಹೊರಬರಕೂಡದು, ಜಮಾಖರ್ಚಿನ ವಿವರವನ್ನು ಕಾಲಕಾಲಕ್ಕೆ ಪ್ರಕಟಿಸಬೇಕು ಎಂಬುದು ಆ ರಾಷ್ಟ್ರದ ಸಂವಿಧಾನದ ಕಟ್ಟಳೆ. ಆದರೆ ೧೯೪೭ರಲ್ಲಿ ಹುಟ್ಟಿದ ಕೇಂದ್ರ ಗುಪ್ತಚರ ಸಂಸ್ಥೆಗೆ, ಎಂದರೆ ಸಿ.ಐ.ಎ.ಗೆ, ೧೯೪೯ರ ಶಾಸನವು ಬೇರೊಂದು ದಾರಿ ತೆರೆಯಿತು. ಬೇರೆ ಇಲಾಖೆಗಳ ಹೆಸರಿನಲ್ಲಿ ಮಂಜೂರಾದ ಹಣವನ್ನು ಅದು ಪಡೆಯಬಹುದು; ನೌಕರರ ಸಂಖ್ಯೆಯನ್ನಾಗಲಿ ಸಂಬಳವನ್ನಾಗಲಿ ಹೊರಗೆಡಹಬೇಕಾಗಿಲ್ಲ; ರಹಸ್ಯವಾದ ವೆಚ್ಚಗಳಿಗೆ ನಿರ್ದೇಶಕನ ಸಹಿಯುಳ್ಳ ಪ್ರಮಾಣಪತ್ರವೊಂದೇ ಸಾಕಾದ ರಸೀದಿ. ಹೀಗಾಗಿ ಸಂಸ್ಥೆಯ ಕೋಟ್ಯಂತರ ಡಾಲರುಗಳು ಬಹುಮಟ್ಟಿಗೆ ರಕ್ಷಣಾ ಇಲಾಖೆಯ ಬಾಬುಗಳ ನಡುವೆ ಅವಿತು ಕುಳಿತವು.

ಇಷ್ಟೊಂದು ಮರೆ ಏಕೆ? ಅಂಕಿಗಳಿಗೂ ಬಾಯಿ ಇದೆ. ಒಂದು ವರ್ಷ ವೆಚ್ಚ ಥಟ್ಟನೆ ಏರಿತೆಂದರೆ ಹೊಸದೊಂದು ಯಂತ್ರ ಸಿದ್ಧವಾಗುತ್ತಿದೆಯೆಂದು ಎದುರಾಳಿ ಊಹಿಸಬಲ್ಲ. ೧೯೫೫ರಲ್ಲಿ ಯು-೨ ವಿಮಾನದ ಯೋಜನೆ ನಡೆದದ್ದು ಈ ಭಯದ ನೆರಳಿನಲ್ಲಿಯೇ. ಆ ವರ್ಷದ ಫೆಬ್ರವರಿಯಲ್ಲಿ ಸಂಸ್ಥೆಯ ರಿಚರ್ಡ್ ಬಿಸೆಲ್ ೧೨ ಲಕ್ಷ ೫೦ ಸಾವಿರ ಡಾಲರಿನ ಚೆಕ್ಕನ್ನು ಬರೆದು, ಲಾಕ್‌ಹೀಡ್ ಕಂಪನಿಯ ಶಿಲ್ಪಿ ಕೆಲ್ಲಿ ಜಾನ್ಸನ್ನರ ಮನೆಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದರು! ಕರಾರು ೨ ಕೋಟಿ ೨೫ ಲಕ್ಷ ಡಾಲರಿಗೆ, ೨೦ ವಿಮಾನಗಳಿಗೆ. ಕೊನೆಗೆ ತಗುಲಿದ ವೆಚ್ಚ ಕರಾರಿನ ಮೊತ್ತಕ್ಕಿಂತ ಕಡಮೆಯೇ ಆಯಿತು. ಹೊರಗಿನ ತನಿಖೆಯ ಕಣ್ಣಿಲ್ಲದೆಡೆಯಲ್ಲಿಯೂ ಪ್ರಾಮಾಣಿಕತೆ ಬಾಳಬಲ್ಲುದೆಂಬುದಕ್ಕೆ ಇದು ನಿದರ್ಶನ.

ಆದರೆ ಬಾಳಲೇಬೇಕೆಂಬ ನಿಯಮವೇನಿದೆ? ಬೇಹುಗಾರಿಕೆಯ ವಿಮಾನಗಳ ಜಾಗಕ್ಕೆ ಉಪಗ್ರಹಗಳು ಬಂದವು. ಅವುಗಳನ್ನು ನಡೆಸುವ ರಾಷ್ಟ್ರೀಯ ಸಮೀಕ್ಷಣ ಕಚೇರಿಯ ಅಸ್ತಿತ್ವವನ್ನೇ ೧೯೯೨ರವರೆಗೆ ಸರಕಾರ ಒಪ್ಪಿರಲಿಲ್ಲ. ೧೯೯೫ರಲ್ಲಿ ನೋಡಿದರೆ, ಖರ್ಚಾಗದೆ ಉಳಿದು, ಮೇಲಿನವರ ಗಮನಕ್ಕೆ ಸರಿಯಾಗಿ ಬಾರದೆ ಬೆಳೆದಿದ್ದ ಗಂಟು ನೂರು ಕೋಟಿ ಡಾಲರನ್ನೂ ಮೀರಿತ್ತು. ೧೯೯೬ರಲ್ಲಿ ಆ ಕಚೇರಿಯ ನಿರ್ದೇಶಕರೂ ಉಪನಿರ್ದೇಶಕರೂ ಪದವಿಯನ್ನು ಕಳೆದುಕೊಂಡರು. ಅಲ್ಲಿ ಹಣ ಬಿದ್ದಿತ್ತು, ಅಷ್ಟೆ. ಮುಂದೆ ಸಿ.ಐ.ಎ.ಯಲ್ಲಿಯೇ, ಆಡಳಿತದ ಮೂರನೆಯ ಸ್ಥಾನದಲ್ಲಿದ್ದ ಕೈಲ್ ಫಾಗೊ ಎಂಬ ಅಧಿಕಾರಿ ಗೆಳೆಯನಿಗೆ ಗುತ್ತಿಗೆಗಳನ್ನು ದೊರಕಿಸಿದ ಮೋಸವನ್ನು ೨೦೦೮ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ೨೦೦೯ರಲ್ಲಿ ೩೭ ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

ಲೆಕ್ಕಿಗನ ಕೆಲಸ ಎಷ್ಟು ಕಠಿನವೆಂಬುದು ಇಂಥ ಪ್ರಸಂಗಗಳಿಂದ ತಿಳಿಯುತ್ತದೆ. ಗೂಢಚಾರನಿಗೆ ತನ್ನದೊಂದು ಕಾರ್ಯ ಗೊತ್ತು. ಪಕ್ಕದ ಕೋಣೆಯವನದು ಗೊತ್ತಿಲ್ಲ. ಲೆಕ್ಕಿಗನ ಮುಂದೆ ಎಲ್ಲ ಕೋಣೆಗಳ ಮೊತ್ತಗಳೂ ಸಾಲುಗಟ್ಟಿ ನಿಲ್ಲುತ್ತವೆ. ಕಾಗದದ ಮೇಲಿರುವುದು ಸಂಕೇತದ ಹೆಸರುಗಳು. ಆದರೂ ಹಣವೆಷ್ಟು, ಫಲವೇನು, ಕಳೆದ ವರ್ಷದ ಶಿಲ್ಕು ಎಲ್ಲಿ ಹೋಯಿತು ಎಂದು ಆತ ಕೇಳಲೇಬೇಕು. “ರಾಷ್ಟ್ರದ ರಕ್ಷಣೆಯ ವಿಷಯ” ಎಂದು ಮೇಲಧಿಕಾರಿ ಗದರಿಕೊಂಡರೆ ಹಿಂಜರಿಯುವುದು ಸುಲಭ. ಹೊರಗೆ ಬಾಯಿ ಬಿಡುವಂತಿಲ್ಲ. ಮನೆಯಲ್ಲಿ ಹೆಂಡತಿಯೊಡನೆ ಹೇಳಿಕೊಂಡು ಹಗುರಾಗುವಂತೆಯೂ ಇಲ್ಲ. ಬೇರೆ ಇಲಾಖೆಗಳಲ್ಲಿ ಪತ್ರಿಕೆಗಳೂ ಸಾರ್ವಜನಿಕರೂ ಹಂಚಿಕೊಳ್ಳುವ ಸಂಶಯದ ಭಾರ ಇಲ್ಲಿ ಬಹುಪಾಲು ಈತನೊಬ್ಬನ ತಲೆಯ ಮೇಲೆ.

ಪ್ರಜೆಗಳು ಸುಮ್ಮನಿದ್ದರೆಂದಲ್ಲ. ಸಂವಿಧಾನ ಹೇಳುವ ಲೆಕ್ಕವನ್ನು ಕೊಡಿರೆಂದು ರಿಚರ್ಡ್‌ಸನ್ ಎಂಬ ತೆರಿಗೆದಾರ ದಾವೆ ಹೂಡಿದ. ೧೯೭೪ರಲ್ಲಿ ಪರಮೋಚ್ಚ ನ್ಯಾಯಾಲಯವು ಐವರು ನಾಲ್ವರ ಬಹುಮತದಿಂದ, ಬರಿಯ ತೆರಿಗೆದಾರನಿಗೆ ಆ ದಾವೆಯ ಹಕ್ಕಿಲ್ಲವೆಂದು ತೀರ್ಪಿತ್ತಿತು. ಗುಟ್ಟು ಉಳಿಯಿತು, ಪ್ರಶ್ನೆಯೂ ಉಳಿಯಿತು. ೧೯೭೬ರಲ್ಲಿ ಸೆನೆಟ್ಟೂ ೧೯೭೭ರಲ್ಲಿ ಪ್ರತಿನಿಧಿ ಸಭೆಯೂ ಗುಪ್ತಚರ ಕಾರ್ಯಗಳ ಮೇಲ್ವಿಚಾರಣೆಗೆ ಖಾಯಂ ಸಮಿತಿಗಳನ್ನು ನೇಮಿಸಿದವು. ೧೯೯೭ರಲ್ಲಿ ಮತ್ತೊಂದು ಮೊಕದ್ದಮೆಯ ಒತ್ತಡದಿಂದ, ಎಲ್ಲ ಗುಪ್ತಚರ ಕಾರ್ಯಗಳ ಆ ವರ್ಷದ ಮೊತ್ತ ೨,೬೬೦ ಕೋಟಿ ಡಾಲರೆಂದು ಸರಕಾರ ತಿಳಿಸಿತು. ೨೦೦೭ರ ಶಾಸನದ ಮೇರೆಗೆ ರಾಷ್ಟ್ರೀಯ ಗುಪ್ತಚರ ಕಾರ್ಯಕ್ರಮದ ಮೊತ್ತ ೪,೩೫೦ ಕೋಟಿ ಡಾಲರೆಂದು ಪ್ರಕಟವಾಯಿತು. ದಶಕಗಳ ಕಾಲ ಅಂಜಿದಂತೆ ಆ ಒಂದು ಅಂಕಿಯಿಂದ ಆಕಾಶವೇನೂ ಕಳಚಿಬೀಳಲಿಲ್ಲ.

ಆದರೂ ಪ್ರಕಟವಾದುದು ಮೊತ್ತ ಮಾತ್ರ. ಅದರೊಳಗಿನ ವಿವರಗಳು ಬೀಗದ ಹಿಂದೆಯೇ ಇವೆ. ಅವು ಸರಿಯೇ ತಪ್ಪೇ ಎಂಬುದನ್ನು ನೋಡುವವರು ಸಮಿತಿಯ ಕೆಲವು ಮಂದಿ ಮತ್ತು ಆ ಮೇಜಿನ ಹಿಂದಿನ ಅಧಿಕಾರಿ. ಆತ ತಪ್ಪಿದರೆ ಎಂದಾದರೊಂದು ದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ತಪ್ಪದೆ ಮೂವತ್ತು ವರ್ಷ ದುಡಿದು ನಿವೃತ್ತನಾದರೆ, ಆತ ಉಳಿಸಿದ ಹಣ ಎಷ್ಟೆಂಬುದು ಅದನ್ನು ತೆತ್ತ ಪ್ರಜೆಗೆ ತಿಳಿಯುವುದೇ ಇಲ್ಲ.