ನಂದಿಗಿರಿಯಲ್ಲೊಂದು ಮುಂಜಾವು

ವಿಶ್ವೇಶ್ವರಯ್ಯನವರ ಜನ್ಮಸ್ಥಳವೆಂದು ಹೆಸರಾದ ನಮ್ಮ ಮುದ್ದೇನಹಳ್ಳಿಯಿಂದ ತಲೆಯೆತ್ತಿದರೆ ನಂದಿಬೆಟ್ಟವು ಕಾಣುತ್ತದೆ. ನಿತ್ಯವೂ ಕಾಣುವುದನ್ನು ಹೋಗಿ ನೋಡುವವರು ವಿರಳ. ನಾವೂ ಹಾಗೆಯೇ ಬಹುಕಾಲ ಕಳೆದು, ಮೊನ್ನೆ ಮಾಘಮಾಸದ ಒಂದು ಬೆಳಗ್ಗೆ, ಎಂಟು ವರ್ಷದ ಮೊಮ್ಮಗನ ಹಟಕ್ಕೆ ಮಣಿದು ಅವನೊಡನೆ ಬೆಟ್ಟಕ್ಕೆ ಹೋದೆವು.

ಸಂಸ್ಕೃತದಲ್ಲಿ ಉಪವನಕ್ಕೆ 'ಆರಾಮ'ವೆಂಬ ಹೆಸರುಂಟು. ಮನಸ್ಸು ರಮಿಸುವ ಸ್ಥಳವೆಂದು ಅದರ ಅರ್ಥ. ಸಮುದ್ರಮಟ್ಟಕ್ಕೆ ೪,೮೫೧ ಅಡಿ ಎತ್ತರದಲ್ಲಿರುವ ಈ ಗಿರಿಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಕೋಟೆಯ ಬಾಗಿಲನ್ನು ದಾಟಿದೆವು. ಮರಗಳ ನಡುವೆ ಮಂಜು ಇನ್ನೂ ಕರಗಿರಲಿಲ್ಲ. ಟಿಪ್ಪೂ ಸುಲ್ತಾನನ ಬೇಸಗೆಯ ಅರಮನೆ, ನಾಲ್ಕೂ ಕಡೆ ಮೆಟ್ಟಿಲುಗಳುಳ್ಳ ಅಮೃತಸರೋವರ, ಯೋಗನಂದೀಶ್ವರನ ಗುಡಿ, ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಕಬ್ಬನ್ ಸಾಹೇಬರು ಬೇಸಗೆ ಕಳೆಯಲೆಂದು ಕಟ್ಟಿಸಿದ ಬಂಗಲೆ, ಇವೆಲ್ಲವನ್ನೂ ಹುಡುಗನಿಗೆ ತೋರಿಸಿದೆವು. ೧೭೯೧ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕಾದಾಡಿ ಹಿಡಿದ ಈ ಗಿರಿಯ ಮೇಲೆಯೇ, ೧೯೨೭ರಲ್ಲಿಯೂ ೧೯೩೬ರಲ್ಲಿಯೂ ಗಾಂಧೀಜಿಯವರು ದೇಹಾಲಸ್ಯ ನಿಮಿತ್ತ ವಿಶ್ರಾಂತಿ ಪಡೆದರೆಂಬುದನ್ನೂ ಹೇಳಿದೆವು.

ಹುಡುಗನು, "ತಾತ, ಅರಮನೆಯಲ್ಲಿ ರಾಜನಿಲ್ಲ, ಕೋಟೆಗೆ ಶತ್ರುಗಳಿಲ್ಲ. ಇವುಗಳಿಂದ ಈಗೇನು ಪ್ರಯೋಜನ?" ಎಂದನು.

ಇಂಗ್ಲೆಂಡಿನ ಸಂಗತಿಯೊಂದನ್ನು ಅವನಿಗೆ ತಿಳಿಸಿದೆವು. ಅಲ್ಲಿ ೧೮ನೆಯ ಶತಮಾನದಲ್ಲಿ ಶ್ರೀಮಂತರು ತಮ್ಮ ಉಪವನಗಳಲ್ಲಿ ಕೇವಲ ನೋಟದ ಸುಖಕ್ಕಾಗಿ ನಿರುಪಯೋಗದ ಗೋಪುರ ಮಂಟಪಗಳನ್ನು ಕಟ್ಟಿಸುತ್ತಿದ್ದರು. ಪೇನ್ಸ್‌ಹಿಲ್ ಎಂಬಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಎಂಬಾತನು ಹಾಳುಬಿದ್ದ ಮಠದಂತೆ ತೋರುವ ಹೊಸ ಕಟ್ಟಡವನ್ನೇ ಕಟ್ಟಿಸಿದನು!

"ದುಡ್ಡು ಕೊಟ್ಟು ಹಾಳುಮನೆಯನ್ನೇ ಕಟ್ಟಿಸಿದನೆ?" ಎಂದು ಹುಡುಗನು ನಕ್ಕನು. ನಾವೂ ನಕ್ಕೆವು. ನಿಜವಾದ ಪುರಾತನತ್ವವು ನಮಗೆ ಬಿಟ್ಟಿಯಾಗಿ ದೊರೆತಿದೆಯಲ್ಲ ಎಂದು ಹೆಮ್ಮೆಯೂ ಆಯಿತು.

ಆ ಹೆಮ್ಮೆ ಬಹಳ ಹೊತ್ತು ನಿಲ್ಲಲಿಲ್ಲ. ಮುಂದೊಂದು ಗೋಡೆಯ ಗಾರೆಯ ಮೇಲೆ ಆಳುದ್ದಕ್ಕೂ ಹೆಸರುಗಳನ್ನು ಕೆತ್ತಿದ್ದರು. ನೋಡುತ್ತಿದ್ದಂತೆಯೇ ಹುಡುಗನು ಚೂಪಾದ ಕಲ್ಲೊಂದನ್ನು ಕೈಗೆತ್ತಿಕೊಂಡನು. ನಾವು ಅವನ ಕೈ ಹಿಡಿದೆವು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳಿಗೆ ಬುದ್ಧಿ ಹೇಳಿದ ಈ ನಾಲಗೆಯು ಅಂದು ಏಳಲಿಲ್ಲ. ಕಾರಣವನ್ನು ವಾಚಕರಲ್ಲಿ ಮುಚ್ಚಿಡುವುದೇಕೆ? ಶಾಲೆಯ ಹುಡುಗರಾಗಿದ್ದಾಗ ಒಮ್ಮೆ ಇಲ್ಲಿಗೆ ಬಂದು, ಕೈವಾರದ ಮೊನೆಯಿಂದ ನಮ್ಮ ಹೆಸರನ್ನೂ ನಾವು ಕೆತ್ತಿದ್ದೆವು.

ಸ್ವಲ್ಪ ಹುಡುಕಿದ ಮೇಲೆ ಅದು ಸಿಕ್ಕಿತು. ಪಾಚಿ ಕಟ್ಟಿದ್ದರೂ ಅಕ್ಷರಗಳು ಅಳಿದಿರಲಿಲ್ಲ.

"ತಾತ, ನಿಮ್ಮ ಹೆಸರು!" ಎಂದು ಹುಡುಗನು ಹಿಗ್ಗಿ ಕೂಗಿದನು. ಅವನು ಆಕ್ಷೇಪಿಸಿದ್ದರೆ ತಾಳಬಹುದಾಗಿತ್ತು. ಅವನ ಆ ಹಿಗ್ಗನ್ನು ತಾಳುವುದು ಕಷ್ಟವಾಯಿತು.

"ಇದು ನಾವು ಮಾಡಿದ ತಪ್ಪು, ಮಗು," ಎಂದೆವು.

ಅವನು ಕೊಂಚ ಹೊತ್ತು ಯೋಚಿಸಿ, "ಉಜ್ಜಿ ಅಳಿಸಬಾರದೇ?" ಎಂದನು.

"ಉಜ್ಜಿದರೆ ಗಾರೆಯೇ ಉದುರುತ್ತದೆ. ಗೋಡೆಗೆ ಎರಡನೆಯ ಗಾಯವಾದೀತು."

ಅವನು ಮತ್ತೇನೂ ಕೇಳಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ಎತ್ತಿಕೊಂಡಲ್ಲಿಯೇ ಮೆಲ್ಲಗೆ ಇಟ್ಟುಬಂದನು.

ಗೃಹಸ್ಥರಲ್ಲಿ ನಮ್ಮದೊಂದು ಅರಿಕೆ. ಮಕ್ಕಳೊಡನೆ ಇಂತಹ ಸ್ಥಳಗಳಿಗೆ ಹೋಗುವಾಗ ಬುತ್ತಿಯ ಜೊತೆಗೆ ಈ ಎಚ್ಚರಿಕೆಯ ಮಾತನ್ನೂ ಕಟ್ಟಿಕೊಂಡು ಹೋಗಿರಿ. ಪ್ರಯೋಜನವಿಲ್ಲವೆಂದು ತೋರುವ ಆ ಗೋಡೆಯು ಅಂದು ನಮ್ಮ ಮನೆಯ ಮಗುವಿಗೆ ಪಾಠವನ್ನು ಹೇಳಿತು. ಅವನ ತಾತನಿಗೂ ಹೇಳಿತು.